ಕಟಿಂಗ್ ಯಾರಿಗ್ರಿ?

ಅವರ ಎಡಗೈಯ ತೋರುಬೆರಳು, ನಡುಬೆರಳುಗಳ ಮೇಲೆ ಸಣ್ಣ ಸಣ್ಣ ಬಿಳಿ ಗೀರುಗಳಿದ್ದವು. ಆ ಎರಡು ಬೆರಳ ನಡುವೆ ಕೂದಲು ಹಿಡಿದು ಕತ್ತರಿ ಆಡಿಸುವಾಗ ಐವತ್ತು ವರ್ಷಗಳಲ್ಲಿ ಆಗಾಗ ತಗುಲಿದ ಗಾಯಗಳು ಅವು. ಗಿರಾಕಿಯ ತಲೆ ಮುಟ್ಟುವ ಮೊದಲು ಎರಡೂ ಕೈಗಳನ್ನು ಒಂದಕ್ಕೊಂದು ಉಜ್ಜಿ ಬೆಚ್ಚಗೆ ಮಾಡಿಕೊಳ್ಳುತ್ತಿದ್ದರು. ಹೊಸಪೇಟೆಯ ಏಪ್ರಿಲ್ ತಿಂಗಳಲ್ಲಿ ಯಾರ ಕೈ ತಾನೇ ತಣ್ಣಗಿರುತ್ತದೆ? ಆದರೂ ಉಜ್ಜುತ್ತಿದ್ದರು.

ಅವರು ನನ್ನ ಕ್ಷೌರದ ಅಂಗಡಿಯವರು. ತರಕಾರಿ ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿ ಎರಡು ಕುರ್ಚಿಯ ಅಂಗಡಿ. ಒಂದು ಕುರ್ಚಿಯಲ್ಲಿ ಕೆಲಸ, ಇನ್ನೊಂದರ ಮೇಲೆ ಹಳೆಯ ಪೇಪರುಗಳು. ನಾನು ಮೊದಲು ಹೋದಾಗ ಅವರಿಗೆ ಎಪ್ಪತ್ತು ಹತ್ತಿರವಾಗಿತ್ತು. ಹರೆಯದ ಹುಡುಗರು ಫೋನು ಹಿಡಿದು ಬಂದರೆ, "ಫೋಟೋ ನೋಡಿ ಕಟಿಂಗ್ ಮಾಡಾಕ ನನಗ ಬರಂಗಿಲ್ಲಪ್ಪ, ಆ ಕಡೆ ಎ.ಸಿ. ಅಂಗಡಿಗೆ ಹೋಗ್ರಿ" ಅಂತ ಕಳಿಸಿಬಿಡುತ್ತಿದ್ದರು. ಉಳಿದವರು ನಮ್ಮಂಥವರು. ಐವತ್ತು ದಾಟಿದವರು, ತಲೆಯಲ್ಲಿ ಇದ್ದದ್ದಕ್ಕಿಂತ ಹೋದದ್ದೇ ಹೆಚ್ಚಾದವರು.

ಇಂಥವರನ್ನು ಕುರ್ಚಿಯಲ್ಲಿ ಕೂರಿಸಿ, ಕೊರಳಿಗೆ ಬಟ್ಟೆ ಕಟ್ಟಿ, ಕತ್ತರಿ ಎತ್ತುವ ಮೊದಲು ಅವರು ಒಂದು ಪ್ರಶ್ನೆ ಕೇಳುತ್ತಿದ್ದರು. "ಕಟಿಂಗ್ ಯಾರಿಗ್ರಿ?"

ನಾನು ಮೊದಲ ಸಲ ಇದೆಂಥ ಪ್ರಶ್ನೆ ಅಂದುಕೊಂಡು "ನನಗೇ" ಅಂದೆ.

"ಅದು ಗೊತ್ತಾಗ್ತೈತ್ರಿ. ಯಾರಿಗೆ ಚಂದ ಕಾಣಬೇಕು ಅಂತ ಕೇಳಿದೆ."

"ಯಾರಿಗೂ ಇಲ್ಲ. ಸೆಕೆ. ಅದಕ್ಕೆ ಬಂದೆ."

"ಸೆಕಿಗೆ ಫ್ಯಾನ್ ಐತಲ್ರಿ," ಅಂದವರೇ ಕೊರಳಿನ ಬಟ್ಟೆ ಬಿಚ್ಚಿದರು. "ಬೆಂಚಿನ ಮ್ಯಾಲೆ ಕುಂದ್ರಿ. ಪೇಪರ್ ಓದ್ರಿ. ನೆನಪಾದ ಮ್ಯಾಲೆ ಹೇಳ್ರಿ."

ನನಗೆ ಮೈ ಉರಿದುಹೋಯಿತು. ದುಡ್ಡು ಕೊಟ್ಟು ಕೂದಲು ತೆಗೆಸಲು ಬಂದವನಿಗೆ ಇದೆಂಥ ವಿಚಾರಣೆ? ಬೆಂಚಿನ ಮೇಲೆ ಕೂತಿದ್ದ ರೈಸ್ ಮಿಲ್ಲಿನ ಸಾಹುಕಾರರು ನನ್ನ ಮುಖ ನೋಡಿ ನಕ್ಕರು. ಅವರ ಸರದಿ ಬಂತು, ಅದೇ ಪ್ರಶ್ನೆ ಬಂತು. ಅವರು ನಾಚಿಕೆಯಿಲ್ಲದೆ "ಮೊಮ್ಮಗಳಿಗೆ" ಅಂದರು. ಮುತ್ತು ಕೊಡಲು ಹೋದರೆ ಮೀಸೆ ಚುಚ್ಚುತ್ತದೆ ಅಂತ ಮಗು ಓಡಿಹೋಗುತ್ತಿತ್ತಂತೆ. ಅವತ್ತು ಅವರ ಮೀಸೆ ಅರ್ಧಕ್ಕಿಳಿಯಿತು. ಮೂಗಿನ ಕೂದಲು, ಕಿವಿಯ ಕೂದಲು ಎಲ್ಲ ಹೋಯಿತು. ಹಿಂದೊಮ್ಮೆ ನಿವೃತ್ತ ಬಸ್ ಡ್ರೈವರ್ ಒಬ್ಬರು, ಜೊತೆಗೆ ಕೆಲಸ ಮಾಡಿ ತನ್ನ ಮೇಲೆ ದೂರು ಬರೆದವನ ಮಗನ ಮದುವೆಗೆ ಹೋಗಬೇಕು, ಅವನು ನೋಡಿ ಹೊಟ್ಟೆ ಉರಿದುಕೊಳ್ಳಬೇಕು ಅಂದಿದ್ದರಂತೆ. ಅದಕ್ಕೂ ಅಂಗಡಿಯವರಲ್ಲಿ ಬೇರೆಯದೇ ಒಂದು ಕಟಿಂಗ್ ಇತ್ತು.

ನಾನು ಮಾತ್ರ ಹೇಳಲಿಲ್ಲ. ಎದ್ದು ಬಂದೆ.

ಹೇಳಲು ನನ್ನಲ್ಲಿ ಉತ್ತರ ಇರಲಿಲ್ಲ ಅಂತಲ್ಲ. ಸಂಡೂರಿನ ಗಣಿಯೊಂದರ ಟೈಮ್ ಆಫೀಸಿನಲ್ಲಿ ಮೂವತ್ತು ವರ್ಷ ಕೆಲಸಗಾರರ ಹಾಜರಿ ಬರೆದು, ಆಗಷ್ಟೇ ನಿವೃತ್ತನಾಗಿ ಹೊಸಪೇಟೆಯಲ್ಲಿ ಬಾಡಿಗೆ ಮನೆ ಹಿಡಿದಿದ್ದೆ. ಹೆಂಡತಿ ತೀರಿಕೊಂಡು ಆರು ವರ್ಷವಾಗಿತ್ತು. ನಮಗೆ ಮಕ್ಕಳಿರಲಿಲ್ಲ. ಕೆಲಸ ಇರುವ ತನಕ ದಿನಕ್ಕೆ ಇನ್ನೂರು ಜನರ ಜೊತೆ ಮಾತಾಡುತ್ತಿದ್ದವನಿಗೆ ಈಗ ಸಂಜೆ ಯಾರಾದರೂ ಬಾಗಿಲು ಬಡಿದರೆ, ಮಾತಾಡಲು ಬಾಯಿ ತೆರೆದಾಗ ಗಂಟಲಲ್ಲಿ ಧ್ವನಿಯೇ ಹೊರಡುತ್ತಿರಲಿಲ್ಲ. ನನಗೆ ಇನ್ನೊಬ್ಬರು ಬೇಕಾಗಿತ್ತು. ಅರವತ್ತರಲ್ಲಿ ಇದನ್ನು ಹೇಳಿಕೊಳ್ಳುವುದು ಹೇಗೆ? ಮೆಟ್ರಿಯಲ್ಲಿರುವ ನನ್ನ ಅಕ್ಕನಿಗೆ ಒಬ್ಬಳಿಗೇ ಗೊತ್ತಿತ್ತು. ಅವಳೇ ಫೋನು ಮಾಡಿದ್ದಳು. "ಲೇ ತಮ್ಮಾ, ಕಂಪ್ಲ್ಯಾಗ ಒಬ್ರು ಹೊಲಿಗಿ ಟೀಚರ್ ಅದಾರ. ಗಂಡ ತೀರಿಕೊಂಡು ಭಾಳ ವರ್ಷ ಆತು. ಐವತ್ನಾಕು ವಯಸ್ಸು. ನೇರ ಮನಿಷಿ. ಬಂದು ನೋಡಿ ಹೋಗು."

ಈಗ ನನ್ನ ತಲೆಯ ವಿಷಯ ಹೇಳಬೇಕು. ಎಡಗಿವಿಯ ಮೇಲಿನ ಕೂದಲನ್ನು ಗೇಣುದ್ದ ಬೆಳೆಸಿ, ಬೋಳು ನೆತ್ತಿಯ ಮೇಲಿಂದ ದಾಟಿಸಿ, ಬಲಗಿವಿಯ ಹತ್ತಿರ ಎಣ್ಣೆ ಹಚ್ಚಿ ಅಂಟಿಸುತ್ತಿದ್ದೆ. ಗಣಿಯಲ್ಲಿದ್ದಾಗ ಅದರ ಮೇಲೊಂದು ಹೆಲ್ಮೆಟ್ ಇರುತ್ತಿತ್ತು. ಮಾನ ಉಳಿದಿತ್ತು. ಅಂಗಡಿಯವರ ಮೇಲಿನ ಸಿಟ್ಟಿಗೆ ನಾನು ಅದೇ ಎ.ಸಿ. ಸಲೂನಿಗೆ ಹೋದೆ. ಅಲ್ಲಿಯವರು ಏನೂ ಕೇಳಲಿಲ್ಲ. ಇದ್ದ ಕೂದಲಿಗೆ, ಮೀಸೆಗೆ, ಹುಬ್ಬಿಗೆ ಸಹ ಕರ್ರಗೆ ಬಣ್ಣ ಬಳಿದು ಕಳಿಸಿದರು.

ಕಂಪ್ಲಿ ಬಸ್ಸಿನಲ್ಲಿ ನನಗೆ ಸಿಕ್ಕ ಸೀಟಿನ ಕಿಟಕಿಗೆ ಗಾಜಿರಲಿಲ್ಲ. ಊರು ದಾಟಿ ಬಸ್ಸು ವೇಗ ಹಿಡಿದ ಮೇಲೆ ನನ್ನ ಗೇಣುದ್ದದ ಕೂದಲು ಎಣ್ಣೆಯ ಮಾತು ಕೇಳಲಿಲ್ಲ. ಎದ್ದು ನಿಂತಿತು. ಒಂದು ಕೈಯಲ್ಲಿ ಅದನ್ನು, ಇನ್ನೊಂದು ಕೈಯಲ್ಲಿ ಮುಂದಿನ ಸೀಟಿನ ಕಂಬಿಯನ್ನು ಹಿಡಿದುಕೊಂಡೆ. ಪಕ್ಕದಲ್ಲಿದ್ದ ಅಜ್ಜಿ ಬಹಳ ಹೊತ್ತು ನೋಡಿ, ತನ್ನ ತುರುಬಿನಿಂದ ಒಂದು ಪಿನ್ನು ಕಿತ್ತು, "ತಗೋಳಪ್ಪ, ಹಚ್ಕೋ" ಅಂತ ಕೊಟ್ಟಳು. ಕರುಣೆಯಿಂದಲೇ ಕೊಟ್ಟಳು. ನಾನು ತೆಗೆದುಕೊಳ್ಳಲಿಲ್ಲ.

ಆ ಟೀಚರ ಮನೆಯಲ್ಲಿ ಅಕ್ಕ, ನಾನು ಒಂದು ತಾಸು ಕೂತೆವು. ಅವಲಕ್ಕಿ ತಿಂದೆವು, ಚಹಾ ಕುಡಿದೆವು. ಎಲ್ಲ ಸರಿಯಾಗಿಯೇ ನಡೆಯಿತು ಅಂದುಕೊಂಡೆ. ಎರಡು ದಿನ ಬಿಟ್ಟು ಅಕ್ಕನ ಫೋನು ಬಂತು.

"ಬ್ಯಾಡ ಅಂದಾರಪ್ಪ."

"ಯಾಕಂತ?"

"ಅದೆಲ್ಲ ಯಾಕೀಗ, ಬಿಡು," ಅಂದಳು ಅಕ್ಕ. ನಾನು ಬಿಡಲಿಲ್ಲ. ಆಗ ಟೀಚರ್ ಅಂದದ್ದನ್ನು ಇದ್ದ ಹಾಗೇ ಹೇಳಿದಳು. "ಬಂದಾವ್ರು ಒಂದು ತಾಸು ಕುಂತ್ರು. ಒಂದು ಕೈ ತಲಿ ಮ್ಯಾಲಿತ್ತು. ಕಣ್ಣು ನಮ್ಮ ಕಪಾಟಿನ ಗ್ಲಾಸಿನ್ಯಾಗ ತಮ್ಮ ತಲಿ ನೋಡ್ಕೊಂತಿದ್ವು. ನನ್ನ ಮುಖ ಒಮ್ಮೀನೂ ನೋಡ್ಲಿಲ್ಲ. ಇನ್ನ ಮುಂದ ಏನ್ ನೋಡ್ತಾರ?"

ಫೋನು ಇಟ್ಟ ಮೇಲೆ ಆಕೆಯ ಮುಖ ನೆನಪು ಮಾಡಿಕೊಳ್ಳಲು ನೋಡಿದೆ. ಬರಲಿಲ್ಲ. ಸೀರೆಯ ಬಣ್ಣವೂ ನೆನಪಾಗಲಿಲ್ಲ. ಕಪಾಟಿನ ಗಾಜು ಮಾತ್ರ ಚೆನ್ನಾಗಿ ನೆನಪಿತ್ತು. ಆಕೆ ಹೇಳಿದ್ದು ನಿಜ, ಮತ್ತು ನಿಜ ಹೇಳಿದ್ದಕ್ಕೇ ಆಕೆ ನನಗೆ ಇನ್ನಷ್ಟು ಬೇಕೆನಿಸಿದರು. ಇದನ್ನು ಹೀಗೇ ಬಿಡುವುದಿಲ್ಲ ಅಂತ ಅಲ್ಲೇ ನಿಶ್ಚಯ ಮಾಡಿದೆ.

ಮರುದಿನ ಮಂಗಳವಾರ. ಕಟಿಂಗ್ ಅಂಗಡಿಗಳೆಲ್ಲ ಬಂದ್. ಬುಧವಾರ ಬೆಳಿಗ್ಗೆ ಅಂಗಡಿಯವರು ಬಾಗಿಲು ತೆಗೆಯುವ ಮೊದಲೇ ಹೋಗಿ ಕಟ್ಟೆಯ ಮೇಲೆ ಕೂತಿದ್ದೆ. ಆದರೆ ರೈಸ್ ಮಿಲ್ಲಿನವರೂ ಆ ಹೊತ್ತಿಗೇ ಪೇಪರ್ ಓದಲು ಬರಬೇಕೇ! ಇರಲಿ, ಕೇಳಿಸಿಕೊಳ್ಳಲಿ ಅಂದುಕೊಂಡೆ. ಕುರ್ಚಿಯಲ್ಲಿ ಕೂತೆ. ಅವರು ಬಟ್ಟೆ ಕಟ್ಟಿದರು. ಪ್ರಶ್ನೆ ಬರುವ ಮೊದಲೇ ಹೇಳಿಬಿಟ್ಟೆ. "ಕಂಪ್ಲಿಯಲ್ಲಿ ಒಬ್ಬರು ಟೀಚರ್ ಇದ್ದಾರೆ. ಅವರಿಗೆ. ಅವರನ್ನು ಮದುವೆ ಆಗಬೇಕು ಅಂತಿದ್ದೀನಿ. ಅವರು ಬೇಡ ಅಂದಿದ್ದಾರೆ."

ಬೆಂಚಿನ ಮೇಲೆ ಪೇಪರ್ ಮಗುಚುವ ಸದ್ದು ನಿಂತಿತು. ಅಂಗಡಿಯವರು ಮೂಲೆಯಲ್ಲಿ ಹಾಡುತ್ತಿದ್ದ ರೇಡಿಯೊ ಬಂದ್ ಮಾಡಿದರು.

"ಯಾಕ್ ಬ್ಯಾಡ ಅಂದ್ರು?"

ಆಕೆಯ ಮಾತನ್ನು ಒಂದಕ್ಷರ ಬಿಡದೆ ಹೇಳಿದೆ. ಅವರು ನಗಲಿಲ್ಲ. ನನ್ನ ಎಡಗಿವಿಯ ಮೇಲಿನ ಕೂದಲನ್ನು ಎತ್ತಿ ಹಿಡಿದು ಅಳತೆ ನೋಡಿದರು.

"ಶಾಣ್ಯಾ ಅದಾರ ಬಿಡ್ರಿ. ಅವರು ನಿಮ್ಮ ತಲಿ ಬ್ಯಾಡ ಅಂದಿಲ್ಲ. ತಲಿ ಮ್ಯಾಲಿನ ಕೈ ಬ್ಯಾಡ ಅಂದಾರ. ಕೈ ಕೆಳಗ ಬರೂವಂಥ ಕಟಿಂಗ್ ಮಾಡ್ತೀನಿ. ಆದ್ರ ನಡುವ ಎದ್ದು ಹೋಗಬಾರ್ದು."

"ಹೋಗೋದಿಲ್ಲ. ಮಾಡ್ರಿ."

ಕೈ ಉಜ್ಜಿಕೊಂಡರು. ಮೊದಲ ಕತ್ತರಿಗೇ ಆ ಗೇಣುದ್ದದ ಕೂದಲು ನನ್ನ ತೊಡೆಯ ಮೇಲೆ ಬಿತ್ತು. ಹದಿನೈದು ವರ್ಷ ಸಾಕಿದ್ದು. ಕಣ್ಣಲ್ಲಿ ನೀರು ಬಂತು ಅಂತ ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ನೆತ್ತಿಯ ಸುತ್ತ ಉಳಿದದ್ದನ್ನು ಸಣ್ಣಗೆ ಮಾಡಿದರು, ಕಿವಿಯ ಪಕ್ಕ ಇನ್ನೂ ಸಣ್ಣಗೆ. ಪಕ್ಕದಲ್ಲಿ ದಪ್ಪ ಬಿಟ್ಟಷ್ಟೂ ನಡುವಿನ ಬೋಳು ಎದ್ದು ಕಾಣುತ್ತದೆ, ಎರಡೂ ಹತ್ತಿರ ಹತ್ತಿರ ಇದ್ದರೆ ಯಾರ ಕಣ್ಣೂ ಅಲ್ಲಿ ನಿಲ್ಲುವುದಿಲ್ಲ ಅಂತ ಅವರೇ ವಿವರಿಸಿದರು. ಮೀಸೆ ಮುಟ್ಟಲಿಲ್ಲ. "ಇದು ಇರ್ಲಿ. ಮುಖಕ್ಕ ಒಂದು ಹಿಡಿತ ಬೇಕು." ಹುಬ್ಬಿನ ನಾಲ್ಕು ಉದ್ದ ಎಳೆಗಳನ್ನು ತೆಗೆದರು. ಬಣ್ಣ ಪೂರ್ತಿ ಹೋಗಲು ಇನ್ನೊಂದು ಕಟಿಂಗ್ ಬೇಕು, ಹದಿನೈದು ದಿನ ಬಿಟ್ಟು ಬನ್ನಿ, ಅಲ್ಲಿಯ ತನಕ ಕಂಪ್ಲಿ ಕಡೆ ತಲೆ ಹಾಕಬೇಡಿ ಅಂದರು. ಕೊನೆಗೆ ಅಂಗೈಯಿಂದ ನನ್ನ ಹಣೆ ಒರೆಸಿ, "ಎಷ್ಟ್ ಚಲೋ ಹಣಿ ಐತ್ರಿ ನಿಮ್ದು! ಮುಚ್ಚಿಟ್ಟಿದ್ರಲ್ಲ," ಅಂದರು.

ಎರಡನೇ ಕಟಿಂಗ್ ಆದ ಮೇಲೆ ಅಕ್ಕನಿಗೆ ಫೋನು ಮಾಡಿ ಇನ್ನೊಮ್ಮೆ ಕೇಳು ಅಂದೆ. "ಬ್ಯಾಡ ಅಂದಮ್ಯಾಲ ಮುಗೀತಲ್ಲೋ, ಮಾನ ಹೋಗ್ತದ," ಅಂದಳು. ಹೋಗಲಿ, ಒಮ್ಮೆ ಮಾತ್ರ ಕೇಳು, ಮತ್ತೆ ಬೇಡ ಅಂದರೆ ನಾನು ಆ ಹೆಸರು ಎತ್ತುವುದಿಲ್ಲ ಅಂದೆ. ಅಕ್ಕ ಕೇಳಿದ್ದಕ್ಕೆ ಟೀಚರು, ಮನೆಗೆ ಬರುವುದು ಬೇಡ ಅಂದರಂತೆ. ಭಾನುವಾರ ವಿರೂಪಾಕ್ಷನ ದರ್ಶನಕ್ಕೆ ಬರುತ್ತೇನೆ, ಹಂಪಿ ಬಜಾರಿನ ಕಲ್ಲು ಮಂಟಪದಲ್ಲಿ ಅರ್ಧ ತಾಸು ಕೂರುತ್ತೇನೆ ಅಂದರಂತೆ.

ಅವತ್ತು ಹಂಪಿಯಲ್ಲಿ ಒಳ್ಳೇ ಗಾಳಿ. ನಾನು ಎರಡೂ ಕೈ ಮೊಣಕಾಲ ಮೇಲೆ ಇಟ್ಟುಕೊಂಡು ಆಕೆಯ ಮುಖವನ್ನೇ ನೋಡುತ್ತ ಕೂತೆ. ಗದ್ದದ ಪಕ್ಕ ಸಣ್ಣದೊಂದು ಮಚ್ಚೆ ಇತ್ತು. ಕಿವಿಯ ಹತ್ತಿರದ ಬಿಳಿ ಕೂದಲಿಗೆ ಬಣ್ಣ ಹಚ್ಚಿರಲಿಲ್ಲ.

"ತಲಿ ಏನ್ ಮಾಡಿಸಿದ್ರಿ?" ಅಂದರು.

"ಇದ್ದದ್ದೇ ಇಷ್ಟು ರೀ."

"ಮತ್ತ ಮದ್ಲ ಬಂದಿದ್ದವರು ಯಾರು?"

"ನಾನೇ. ಹೆದರಿದ್ದೆ."

"ಏನಂತ?"

"ನೀವು ಬೇಡ ಅಂತೀರಿ ಅಂತ."

ಆಕೆ ಜೋರಾಗಿ ನಕ್ಕರು. ಆ ನಗುವಿಗೆ ಮುಂದಿನ ತಿಂಗಳು ನಾನು ತಾಳಿ ಕಟ್ಟಿದೆ.

ಮದುವೆಯಾದ ಮೇಲೆ ಒಂದು ದಿನ ಹೆಂಡತಿ ನನ್ನ ಜೊತೆ ಅಂಗಡಿಯ ತನಕ ಬಂದಳು. ಗಂಡಸರ ಅಂಗಡಿ ಅಂತ ಹೊಸ್ತಿಲ ಹೊರಗೇ ನಿಂತು, "ಹಿಂದ ಇನ್ನೊಂದೀಟು ಸಣ್ಣ ಮಾಡ್ರಿ ಅಣ್ಣಾರ" ಅಂದಳು. ಅವರು ಕತ್ತರಿ ಕೆಳಗಿಟ್ಟು ಕೈ ಮುಗಿದು, "ಆತ್ರೀ ಟೀಚರಮ್ಮ" ಅಂದರು. ಅವತ್ತಿನಿಂದ ನನಗೆ ಹಳೆಯ ಪ್ರಶ್ನೆ ಕೇಳಲಿಲ್ಲ. "ಟೀಚರಮ್ಮ ಏನಂದ್ರು?" ಅಂತಷ್ಟೇ ಕೇಳಿ ಕೆಲಸ ಶುರು ಮಾಡುತ್ತಿದ್ದರು. ಹೀಗೆ ಒಂಬತ್ತು ವರ್ಷ, ತಿಂಗಳಿಗೊಮ್ಮೆ. ನಾನು ಮನೆಯ ಸುದ್ದಿ ಎಲ್ಲ ಹೇಳುತ್ತಿದ್ದೆ. ಅವಳ ನಿವೃತ್ತಿ, ನನ್ನ ಸಕ್ಕರೆ ಕಾಯಿಲೆ, ನಮ್ಮ ಜಗಳಗಳು. ಅವರು ಕೇಳಿಸಿಕೊಳ್ಳುತ್ತಿದ್ದರು. ಅವರ ಹೆಂಡತಿ ಎಂದೋ ತೀರಿಕೊಂಡಿದ್ದರು, ಒಬ್ಬ ಮಗಳು ಗಂಡನ ಜೊತೆ ಅವರ ಮನೆಯಲ್ಲೇ ಇದ್ದಳು, ಆಗಾಗ ಅಂಗಡಿಗೆ ಬುತ್ತಿ ತಂದುಕೊಡುತ್ತಿದ್ದಳು. ನನಗೆ ಗೊತ್ತಿದ್ದದ್ದು ಅಷ್ಟೇ.

ಹೋದ ಚಳಿಗಾಲದಲ್ಲಿ ಒಂದು ಬುಧವಾರ ಹೋದರೆ ಅಂಗಡಿ ತೆರೆದಿರಲಿಲ್ಲ. ಪಕ್ಕದ ಬಳೆ ಅಂಗಡಿಯವನು, "ಬೆಳಿಗ್ಗಿ ಹೋದ್ರು ರೀ. ಮಲಗಿದಾವ್ರು ಏಳಲಿಲ್ಲ" ಅಂದ. ಹಾಗೇ ಮನೆ ಹುಡುಕಿಕೊಂಡು ಹೋದೆ. ಆಗಷ್ಟೇ ಸ್ನಾನ ಮಾಡಿಸಿ, ಹಣೆಗೆ ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ ಕೂರಿಸಿದ್ದರು. ಒದ್ದೆ ಬಿಳಿ ಕೂದಲು ಹಣೆಯ ಮೇಲೆ ಬಿದ್ದಿತ್ತು. ಮಗಳು ಬಾಚಣಿಗೆ ಹಿಡಿದು ಕೂತಿದ್ದಳು. ಬಾಚಲು ಎತ್ತಿ, ಅಳುತ್ತ ಮತ್ತೆ ಕೆಳಗಿಡುತ್ತಿದ್ದಳು. ನನ್ನನ್ನು ನೋಡಿ, "ಕಾಕಾ, ನೀವು ಬಾಚ್ರಿ. ನೀವು ಭಾಳ ವರ್ಷದಿಂದ ನೋಡೀರಲ್ಲ" ಅಂದಳು.

ಹೌದು, ನೋಡಿದ್ದೆ. ಆ ತಲೆ ಹೇಗಿರುತ್ತಿತ್ತು ಅಂತ ನನಗೆ ಕಣ್ಣಿಗೆ ಕಟ್ಟಿದ ಹಾಗಿತ್ತು. ಎದುರಿಗೆ ಕೂತು, ಬೈತಲೆ ತೆಗೆದು, ಜಾಗ್ರತೆಯಿಂದ ಬಾಚಿದೆ. ಬಾಚಿ ಹಿಂದೆ ಸರಿದು ನೋಡಿದರೆ ಯಾರೋ ಬೇರೆಯವರ ಹಾಗೆ ಕಾಣುತ್ತಿದ್ದರು.

"ಈ ಕಡೆ ಅಲ್ರೀ ಕಾಕಾ," ಮಗಳು ಮೆಲ್ಲಗೆ ಅಂದಳು. "ಅಪ್ಪ ಬೈತಲಿ ಆ ಕಡೆ ತಗೀತಿದ್ದ."

ನನಗೆ ತಕ್ಷಣ ಅರ್ಥವಾಗಲಿಲ್ಲ. ಅರ್ಥವಾದಾಗ ಬಾಚಣಿಗೆ ಕೆಳಗಿಟ್ಟೆ. ಒಂಬತ್ತು ವರ್ಷ ಅವರನ್ನು ನಾನು ನೋಡಿದ್ದೆಲ್ಲ ಅಂಗಡಿಯ ಕನ್ನಡಿಯಲ್ಲಿ. ನನ್ನ ಮುಖದ ಹಿಂದೆ, ನನ್ನ ತಲೆಯ ಮೇಲೆ ಬಗ್ಗಿದ ಇನ್ನೊಂದು ಮುಖ. ಅಲ್ಲಿ ಎಡ ಬಲವಾಗಿ ಕಾಣುತ್ತದೆ ಅನ್ನುವುದೂ ನನಗೆ ಹೊಳೆದಿರಲಿಲ್ಲ. ನನಗೆ ಒಬ್ಬರ ಮುಖ ನೋಡುವುದನ್ನು ಕಲಿಸಿದವರನ್ನೇ ನಾನು ತಿರುಗಿ ಒಮ್ಮೆ ನೋಡಿರಲಿಲ್ಲ. ಅಷ್ಟು ನಾಚಿಕೆ ನನಗೆ ಜೀವನದಲ್ಲಿ ಎಂದೂ ಆಗಿಲ್ಲ.

ಕೂದಲನ್ನು ಮತ್ತೆ ಮುಂದಕ್ಕೆ ಇಳಿಸಿದೆ. ಎರಡೂ ಕೈ ಉಜ್ಜಿಕೊಂಡೆ. ಆ ಮುಖವನ್ನು ನೇರವಾಗಿ, ಸಾಕಾಗುವಷ್ಟು ಹೊತ್ತು ನೋಡಿ, ಮಗಳು ತೋರಿಸಿದ ಕಡೆ ಬೈತಲೆ ತೆಗೆದೆ.