ಕರುಣಾಕರ ಮಾಮನಿಗೆ ಬಂದ ಸಂದೇಶ

ನಮ್ಮ ಅಜ್ಜಿಯ ವೇದಪುಸ್ತಕ ಅಷ್ಟು ದಪ್ಪಗಿದ್ದುದಕ್ಕೆ ದೇವರ ವಾಕ್ಯವೊಂದೇ ಕಾರಣವಾಗಿರಲಿಲ್ಲ. ಕ್ರಿಸ್ಮಸ್ ಕೇಕಿನ ಅಳತೆ ಬರೆದ ಚೀಟಿ, ಲೇಸು ಹೆಣೆಯುವ ಮಾದರಿ, ಸಿಡುಬು ಬಾರದಂತೆ ನನಗೆ ದೇವಿ ಹಾಕಿಸಿದ ಕಾಗದ, ಮುಂಬಯಿಯಿಂದ ಚಿಕ್ಕಪ್ಪ ಬರೆದ ಪತ್ರಗಳು, ಹೀಗೆ ಒಂದು ಮನೆಯ ದಫ್ತರವೇ ಅದರ ಪುಟಗಳ ನಡುವೆ ವಾಸವಾಗಿತ್ತು. ಕೇಕಿನ ಅಳತೆ ಬೇಕಾದರೆ ಯಾಜಕಕಾಂಡದಲ್ಲಿ ಹುಡುಕಬೇಕು, ಚಿಕ್ಕಪ್ಪನ ಪತ್ರ ಬೇಕಾದರೆ ಪ್ರಲಾಪಗಳಲ್ಲಿ. ನೀವು ನಗಬಹುದು, ಆದರೆ ದಿನಕ್ಕೆ ಹತ್ತು ಸಲ ಯಾವುದೋ ನೆಪದಲ್ಲಿ ಪುಟ ಮಗುಚಿ ಮಗುಚಿಯೇ ಅಜ್ಜಿಗೆ ಆ ಪುಸ್ತಕದ ಬೀದಿಗಳು ಮಾತ್ರವಲ್ಲ, ಸಂದುಗೊಂದುಗಳೂ ಪರಿಚಿತವಾಗಿದ್ದವು.

ನಾವು ಜೆಪ್ಪಿನಲ್ಲಿದ್ದೆವು. ಮನೆಯಲ್ಲಿ ತುಳು, ಪ್ರಾರ್ಥನೆಗೆ ಕನ್ನಡ, ಅತಿಥಿಗಳೆದುರು ಎರಡನ್ನೂ ಕಲಸಿದ ಒಂದು ಭಾಷೆ. ಅಮ್ಮ ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದರು. ಹೆಂಚಿನ ಕಾರ್ಖಾನೆಯಲ್ಲಿ ಗುಮಾಸ್ತರಾಗಿದ್ದ ಪಪ್ಪ, ಪಪ್ಪನ ತಾಯಿಯಾದ ಈ ಅಜ್ಜಿ, ಮತ್ತು ನಾನು, ಇಷ್ಟೇ ಜನ. ಎರಡು ಓಣಿ ಆಚೆಗೆ ಅಮ್ಮನ ಅಣ್ಣ ಕರುಣಾಕರ ಮಾಮ ಇದ್ದರು. ಅವರದು ಕಂಕನಾಡಿಯಲ್ಲಿ ಗಡಿಯಾರ ರಿಪೇರಿಯ ಸಣ್ಣ ಅಂಗಡಿ. ಹೆಂಡತಿಯನ್ನು ಮೊದಲೇ ಕಳೆದುಕೊಂಡಿದ್ದರು. ಒಬ್ಬಳೇ ಮಗಳು ಸುಗುಣ ನರ್ಸ್ ತರಬೇತಿಗೆಂದು ರೈಲು ಹತ್ತಿ ದೂರದ ಊರಿಗೆ ಹೋದವಳು ಅಲ್ಲಿಯೇ ಜ್ವರ ಬಂದು ತೀರಿಹೋಗಿ ಮೂರು ವರ್ಷವಾಗಿತ್ತು. ಮಾಮ ತಲುಪುವಷ್ಟರಲ್ಲಿ ಮಣ್ಣು ಮಾಡಿ ಆಗಿತ್ತಂತೆ. ಆ ವಿಷಯವನ್ನು ಅವರೂ ಎತ್ತುತ್ತಿರಲಿಲ್ಲ, ನಾವೂ ಎತ್ತುತ್ತಿರಲಿಲ್ಲ.

ಹೀಗಿರುವಾಗ ಪರವೂರಿನ ಒಬ್ಬ ಬೋಧಕರು ಬಂದು ಒಂದು ವಾರ ಚಪ್ಪರ ಹಾಕಿ ಕೂಟ ನಡೆಸಿ ಹೋದರು. ಅವರು ಹೋದ ಮೇಲೆ ಮಾಮನಿಗೆ ಸಂದೇಶಗಳು ಬರತೊಡಗಿದವು. ಗಡಿಯಾರದ ಮನುಷ್ಯನಲ್ಲವೇ, ದೇವರು ಮಾತಾಡಿದ ಹೊತ್ತನ್ನೂ ಅವರು ಬಿಡುತ್ತಿರಲಿಲ್ಲ. ಮಂಗಳವಾರ ಮಧ್ಯಾಹ್ನ ಮೂರು ಗಂಟೆ ಹನ್ನೆರಡು ನಿಮಿಷ, ಎಂದು ಮೊದಲು ಹೇಳಿ ಆಮೇಲೆ ಸಂದೇಶ ಹೇಳುವರು. ಆ ಹನ್ನೆರಡು ನಿಮಿಷದ ನಿಖರತೆಯೇ ಅರ್ಧ ಜನರನ್ನು ನಂಬಿಸುತ್ತಿತ್ತು. ಯಾರದೋ ಜ್ವರ ಆದಿತ್ಯವಾರದೊಳಗೆ ಇಳಿಯುತ್ತದೆ ಎಂದರು, ಇಳಿಯಿತು. ಯಾರದೋ ತಪ್ಪಿಸಿಕೊಂಡ ದನ ಸಿಕ್ಕುತ್ತದೆ ಎಂದರು. ಬಿಜೈಯಲ್ಲಿ ಒಬ್ಬರ ಬಾಳೆಗಿಡ ತಿನ್ನುತ್ತ ಸಿಕ್ಕಿತು. ಗುರುವಾರ ಸಂಜೆಯ ಪ್ರಾರ್ಥನೆಗೆ ಮಾಮನ ಜಗಲಿ ಸಾಲದೆ ಅಂಗಳಕ್ಕೆ ಚಾಪೆ ಹಾಸಬೇಕಾಯಿತು. ಪಪ್ಪನಂತೂ ಹೆಂಡತಿಯ ಅಣ್ಣನನ್ನು ಪ್ರವಾದಿಯೆಂದೇ ತಿಳಿದು, ಅವರ ಎದುರು ಕುಳಿತುಕೊಳ್ಳುವುದನ್ನೂ ಬಿಟ್ಟಿದ್ದರು.

ನಮ್ಮ ಜಿಲ್ಲೆ ಇನ್ನೂ ಮದ್ರಾಸಿಗೆ ಸೇರಿದ್ದ ಕಾಲ ಅದು. ಹೆಣ್ಣುಮಕ್ಕಳ ಶಾಲೆಯಲ್ಲಿ ಎರಡು ವರ್ಷ ಪಾಠ ಹೇಳಿದ್ದ ನನಗೆ ಮದ್ರಾಸಿನಲ್ಲಿ ಉಪಾಧ್ಯಾಯರ ತರಬೇತಿಗೆ ಸೀಟು ಸಿಕ್ಕಿತು. ಹತ್ತು ದಿನದೊಳಗೆ ಒಪ್ಪಿಗೆಯ ಪತ್ರ ಕಳುಹಿಸಬೇಕಿತ್ತು. ನಾನು ಆ ಸಂತೋಷದಲ್ಲಿ ಟ್ರಂಕಿಗೆ ಬಣ್ಣ ಬಳಿಯುತ್ತಿದ್ದೆ. ಆ ಗುರುವಾರ ಮಾಮ ಎದ್ದುನಿಂತು, ಬುಧವಾರ ನಾಲ್ಕು ಗಂಟೆ ಐದು ನಿಮಿಷಕ್ಕೆ ತಮಗೆ ಸ್ಪಷ್ಟವಾಗಿ ಕೇಳಿಸಿತೆಂದೂ, ನಾನು ಮದ್ರಾಸಿನ ರೈಲು ಹತ್ತಿ ನೇತ್ರಾವತಿಯ ಸೇತುವೆ ದಾಟಬಾರದೆಂದೂ, ಊರಿನಲ್ಲೇ ನಿಂತು ನಮ್ಮ ಕೂಟದ ಬೆಂಜಮಿನ್‌ನನ್ನು ಮದುವೆಯಾಗಬೇಕೆಂದೂ ಹೇಳಿದರು.

ಬೆಂಜಮಿನ್ ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸುವ ಕೆಲಸದವನು. ಎತ್ತರದ ಆಳು, ಹಾಡಿದರೆ ಗುಡುಗಿನಂಥ ಕಂಠ, ಒಳ್ಳೆಯವನು. ಆದರೆ ಅವನಿಗೂ ಈ ಸುದ್ದಿ ನನ್ನ ಜೊತೆಗೇ ತಿಳಿದದ್ದು. ಅವನ ಕೈಯಿಂದ ಕೀರ್ತನೆಯ ಪುಸ್ತಕ ಕೆಳಗೆ ಬಿತ್ತು. ನಾನು ಪಪ್ಪನನ್ನು ನೋಡಿದೆ; ಪಪ್ಪ ಚಾಪೆ ನೋಡುತ್ತಿದ್ದರು.

ಮನೆಗೆ ಬಂದ ಮೇಲೆ ಪಪ್ಪ ಅಂಗಿಯ ಗುಂಡಿ ಬಿಚ್ಚುವುದನ್ನೂ ಮರೆತು ಅಡಿಗೆಮನೆಯ ಬಾಗಿಲಲ್ಲಿ ನಿಂತರು.

"ದೇವರ ಮಾತು ಅಂತ ಹೇಳಿದ ಮೇಲೆ ನಾವು ಎಂತ ಮಾಡ್ಲಿಕ್ಕುಂಟು ಅಮ್ಮ?"

"ದೇವರ ಮಾತಾದ್ರೆ ಎಂತ ಮಾಡ್ಲಿಕ್ಕೂ ಇಲ್ಲ," ಎಂದರು ಅಜ್ಜಿ. "ಹೌದಾ ಅಲ್ವಾ ಅಂತ ನೋಡ್ಬೇಕಲ್ಲ."

"ಹಾಗೆ ಪರೀಕ್ಷೆ ಮಾಡುದು ಅಪನಂಬಿಕೆ ಆಗುದಿಲ್ವಾ?"

"ಅಪೊಸ್ತಲ ಪೌಲನೇ ಬಂದು ಹೇಳಿದ್ದನ್ನು ಬೆರೋಯ ಊರಿನವರು ದಿನಾ ಪುಸ್ತಕ ತೆಗೆದು ನೋಡಿದ್ರು, ಇವನು ಹೇಳುದು ಹೌದಾ ಅಂತ. ಅವರಿಗೆ ಬೈಗುಳ ಬೀಳಲಿಲ್ಲ. ಒಳ್ಳೆ ಜನ ಅಂತಲೇ ಬರೆದುಂಟು. ನಮ್ಮ ಕರುಣಾಕರ ಪೌಲನಿಗಿಂತ ದೊಡ್ಡವನಾ ಮಾರಾಯ?"

ಅಂದಿನಿಂದ ಅಜ್ಜಿ ಊಟವಾದ ಮೇಲೆ ಕಿಟಕಿಯ ಬಳಿ ಕುಳಿತು ಓದತೊಡಗಿದರು. ಚೀಟಿಗಳು ಉದುರಿದರೆ ನಾನು ಎತ್ತಿಕೊಡುತ್ತಿದ್ದೆ. ಅಜ್ಜಿ ನನ್ನ ವಕೀಲೆಯೆಂದೇ ನಾನು ತಿಳಿದಿದ್ದೆ. ಆ ಭ್ರಮೆ ನಾಲ್ಕನೆಯ ದಿನ ಹರಿಯಿತು. ಅಕ್ಕಿ ಆರಿಸುತ್ತಿದ್ದ ನನ್ನನ್ನು ಕರೆದು, "ಅವನದ್ದು ಇರಲಿ. ನೀನು ಮದ್ರಾಸಿಗೆ ಹೋಗ್ಬೇಕು ಅಂತ ಎಲ್ಲಿ ಬರೆದುಂಟು?" ಎಂದು ಕೇಳಿದರು.

"ಅದು ದೇವರ ಚಿತ್ತ ಅಂತ ನನಗೆ ಅನಿಸ್ತದೆ ಅಜ್ಜಿ."

"ಅನಿಸ್ತದೆ. ಕರುಣಾಕರನಿಗೂ ಅನಿಸಿದ್ದೇ ಅಲ್ವಾ?"

ನನಗೆ ಕೋಪ ಬಂತು. ತಿರುಗಿ ಅಕ್ಕಿಯ ಕಡೆ ಹೊರಟೆ.

"ದೇವರನ್ನು ಮುಂದೆ ಮಾಡ್ಬೇಡ ಮಗಾ. ನನಗೆ ಹೋಗ್ಬೇಕು ಅಂತ ಹೇಳು. ಅದರಲ್ಲಿ ತಪ್ಪು ಎಂತ ಇಲ್ಲ."

ಗೆಳೆಯರೇ, ಇದನ್ನು ಬರೆಯುವಾಗಲೂ ನನ್ನ ಕಿವಿ ಸ್ವಲ್ಪ ಬಿಸಿಯಾಗುತ್ತದೆ. ಮಾಮನ ಸಂದೇಶವನ್ನು ನಾನು ನಾಲ್ಕು ದಿನದಿಂದ ಮನಸ್ಸಿನಲ್ಲೇ ಹಾಸ್ಯಮಾಡುತ್ತಿದ್ದೆ. ನನ್ನ ಆಸೆಯೂ ಬಿಳಿ ನಿಲುವಂಗಿ ತೊಟ್ಟು, ಗಂಟಲು ಸರಿಮಾಡಿಕೊಂಡು, ವೇದಿಕೆ ಹತ್ತಿ ನಿಂತಿದ್ದುದು ಮಾತ್ರ ನನಗೆ ಕಂಡಿರಲಿಲ್ಲ. ನಮಗೆ ಇಷ್ಟವಾದದ್ದನ್ನು ದೇವರು ಹೇಳಿದಾಗ ನಾವು ಸಾಕ್ಷಿ ಕೇಳುವುದಿಲ್ಲ; ಬೇಡದ್ದನ್ನು ಹೇಳಿದಾಗಲೇ ಪುಸ್ತಕ ಎಲ್ಲಿದೆಯೆಂದು ಹುಡುಕುತ್ತೇವೆ. ಅಜ್ಜಿಯ ತಕ್ಕಡಿಯಲ್ಲಿ ಆ ಸೌಕರ್ಯವಿರಲಿಲ್ಲ.

ಮುಂದಿನ ಗುರುವಾರ ಅಜ್ಜಿ ಮಾಮನ ಅನುಮತಿ ಕೇಳಿ, ಎಲ್ಲರೆದುರು ರೆಬೆಕ್ಕಳ ಕಥೆಯನ್ನು ಮೊದಲಿನಿಂದ ಓದಿದರು. ಯಾರಿಗೂ ಹೊಸದಲ್ಲ ಅದು. ಅಬ್ರಹಾಮನ ಸೇವಕ ಯಜಮಾನನ ಮಗನಿಗೆ ಹೆಣ್ಣು ಹುಡುಕುತ್ತ ದೂರದ ಬಾವಿಯ ಬಳಿಗೆ ಬಂದು ದೇವರಲ್ಲಿ ಒಂದು ಗುರುತು ಬೇಡುತ್ತಾನೆ. ಪ್ರಾರ್ಥನೆ ಮುಗಿಯುವುದರೊಳಗೆ ಹುಡುಗಿ ಕೊಡ ಹೊತ್ತು ಬರುತ್ತಾಳೆ, ಅವನಿಗೂ ನೀರು ಕೊಡುತ್ತಾಳೆ, ಒಂಟೆಗಳಿಗೂ ಸೇದಿ ಹಾಕುತ್ತಾಳೆ. ಬೇಡಿದ್ದೆಲ್ಲ ಅಕ್ಷರಶಃ ಕೂಡಿಬರುತ್ತದೆ. ಇದು ದೇವರಿಂದಲೇ ಆದದ್ದು, ನಾವು ಮಾತಾಡುವಂತಿಲ್ಲ ಎಂದು ಹುಡುಗಿಯ ಮನೆಯವರೂ ಒಪ್ಪಿಬಿಡುತ್ತಾರೆ. ಅಲ್ಲಿಗೆ ಅಜ್ಜಿ ನಿಲ್ಲಿಸಿ ಕನ್ನಡಕ ತೆಗೆದರು.

"ಇಷ್ಟೆಲ್ಲ ಆಯ್ತಲ್ಲ ಕರುಣಾಕರ. ಮರುದಿನ ಬೆಳಿಗ್ಗೆ ಮನೆಯವರು ಎಂತ ಮಾಡಿದ್ರು?"

ಮಾಮನಿಗೂ ಆ ಪುಸ್ತಕ ಚೆನ್ನಾಗಿ ಗೊತ್ತಿತ್ತು. ಅವರೇ ಹೇಳಿದರು: "ಹುಡುಗಿಯನ್ನು ಕರೆದು ಕೇಳಿದ್ರು. ಹೋಗ್ತೀಯಾ ಅಂತ."

"ನಾವು ಕೇಳಿದ್ದೇವಾ?"

ಅಜ್ಜಿ ನನ್ನ ಕಡೆ ತಿರುಗಿದರು. "ನೀನು ಹೇಳು ಮಗಾ."

ರೆಬೆಕ್ಕ ಒಂದೇ ಮಾತಿನಲ್ಲಿ ಉತ್ತರ ಕೊಟ್ಟವಳು. ನಾನೂ "ಹೋಗ್ತೇನೆ" ಎಂದೆ. ಅಷ್ಟಕ್ಕೇ ಬಿಟ್ಟರೆ ಬೆಂಜಮಿನ್‌ನ ಮನೆಗೆ ಎಂದು ಯಾರಾದರೂ ತಿಳಿದಾರೆಂದು ಹೆದರಿ, "ಮದ್ರಾಸಿಗೆ" ಎಂದು ಸೇರಿಸಿದೆ. ಮೊದಲು ನಕ್ಕವನು ಬೆಂಜಮಿನ್‌. ಆ ಗುಡುಗಿನ ನಗೆಯಲ್ಲಿ ಎಂಥ ಬಿಡುಗಡೆಯಿತ್ತೆಂದರೆ, ನನಗೆ ಒಂದು ಕ್ಷಣ ಅವಮಾನವೇ ಆಯಿತು.

ಜನ ಎದ್ದು ಹೋದ ಮೇಲೂ ಮಾಮ ಕುಳಿತಲ್ಲೇ ಇದ್ದರು. ಪಪ್ಪ, ಅಜ್ಜಿ, ನಾನು ಉಳಿದೆವು.

"ನಾನು ಸುಳ್ಳು ಹೇಳ್ಲಿಲ್ಲ ಮಾಮಿ. ನನಗೆ ಕೇಳಿಸಿದ್ದು ಹೌದು."

"ಗೊತ್ತುಂಟು. ಎಂತ ಕೇಳಿಸಿದ್ದು, ಸರಿಯಾಗಿ ಹೇಳು."

"ಹುಡುಗಿ ಸೇತುವೆ ದಾಟ್ಬಾರ್ದು ಅಂತ."

"ಹೆಸರು ಹೇಳಿತಾ?"

ಮಾಮ ತಲೆಯಲ್ಲಾಡಿಸಿದರು. "ಹೆಸರು ಹೇಳ್ಲಿಲ್ಲ," ಎಂದರು. ಆಮೇಲೆ ಮುಖವನ್ನು ಅಂಗೈಯಿಂದ ಒರೆಸಿಕೊಂಡು, "ಸುಗುಣ ಹೊರಟ ದಿನವೂ ಹಾಗೇ ಆಗಿತ್ತು. ಬಿಡ್ಬೇಡ, ಬಿಡ್ಬೇಡ ಅಂತ. ಆಗ ನಾನು ಬಾಯಿ ಬಿಡ್ಲಿಲ್ಲ," ಎಂದರು.

ಅಜ್ಜಿ ಎದ್ದುಹೋಗಿ ಅವರ ಪಕ್ಕದಲ್ಲಿ ಕುಳಿತರು. ಓದಿ ಮುಗಿಸಿ ಕೊಟ್ಟ ಪುಸ್ತಕ ನನ್ನ ಮಡಿಲಲ್ಲೇ ಇತ್ತು, ಅದನ್ನು ಕೊಡೆಂದು ಕೇಳಲಿಲ್ಲ. ಪಪ್ಪ ಮೆಲ್ಲಗೆ, "ಹಾಗಾದ್ರೆ ಆ ಬೆಂಜಮಿನ್‌ನ ವಿಷಯ?" ಎಂದರು.

"ಅದು ನಾನು ಸೇರಿಸಿದ್ದು ಭಾವ. ಮದುವೆ ಅಂದ್ರೆ ನಿಲ್ತಾಳೆ ಅಂತ."

ಅಳುವ ಹೊತ್ತಿನಲ್ಲೂ ಅಜ್ಜಿಗೆ ನಗು ತಡೆಯಲಾಗಲಿಲ್ಲ. ಆಮೇಲೆ ಮಾಮನೂ ನಕ್ಕರು.

ಗುರುವಾರದ ಕೂಟ ನಿಲ್ಲಲಿಲ್ಲ. ಯಾರಿಗೇ ಏನೇ ಸಂದೇಶ ಬರಲಿ, ಕೂಡಲೇ ಎಲ್ಲರೂ ಪುಸ್ತಕ ತೆರೆದು ನೋಡುವುದೆಂಬ ಒಂದು ನಿಯಮ ಮಾತ್ರ ಸೇರಿತು. ಅದನ್ನು ಮಾಮನೇ ತಂದರು. ಮಳೆಗಾಲದಲ್ಲಿ ಪೇಟೆಗೆ ಮೀನು ಬರುವುದು ಕಡಿಮೆಯಾಗುವಂತೆ ಸಂದೇಶಗಳೂ ಕಡಿಮೆಯಾದವು. ನಿಂತೇಹೋಗಲಿಲ್ಲ. ಮಾತು ಬಿಟ್ಟ ತಮ್ಮನ ಮನೆಗೆ ಹೋಗು ಎಂದು ಒಬ್ಬರಿಗೆ, ಹಾಸಿಗೆ ಹಿಡಿದ ನೆರೆಯವಳನ್ನು ನೋಡಿಕೊ ಎಂದು ಇನ್ನೊಬ್ಬರಿಗೆ, ಹೀಗೆ ಕೆಲವು ಬಂದವು. ಅವುಗಳನ್ನು ಪುಸ್ತಕದಲ್ಲಿ ಬಹಳ ಹುಡುಕಬೇಕಾಗಿರಲಿಲ್ಲ. ನಾನು ಗಮನಿಸಿದ್ದೇನೆಂದರೆ, ಪರೀಕ್ಷೆಯಲ್ಲಿ ಉಳಿದ ಸಂದೇಶಗಳೆಲ್ಲ ಕೇಳಿಸಿಕೊಂಡವರಿಗೇ ಕೆಲಸ ಹಚ್ಚುವಂಥವು.

ಒಪ್ಪಿಗೆಯ ಪತ್ರ ಹೋಯಿತು. ಹೊರಡುವ ದಿನ ಮಧ್ಯಾಹ್ನ ಪಪ್ಪ, ಅಜ್ಜಿ ಸ್ಟೇಶನ್ನಿಗೆ ಬಂದಿದ್ದರು. ಗಾಡಿ ಬಿಡಲು ಸ್ವಲ್ಪ ಹೊತ್ತಿರುವಾಗ ಕರುಣಾಕರ ಮಾಮ ಏದುಸಿರು ಬಿಡುತ್ತ ಬಂದು, ನನ್ನ ಡಬ್ಬಿಗೆ ಹತ್ತಿ ಎದುರು ಕುಳಿತರು. ಕೈಯಲ್ಲಿ ಟಿಕೆಟು.

"ಉಳ್ಳಾಲದವರೆಗೆ ಬರ್ತೇನೆ," ಎಂದರು. ಉಳ್ಳಾಲವೆಂದರೆ ಸೇತುವೆ ದಾಟಿದ ಕೂಡಲೇ ಸಿಗುವ ಸ್ಟೇಶನ್ನು. ಮಗಳನ್ನು ಕಳೆದುಕೊಂಡು ಬಂದ ಮೇಲೆ ಅವರು ಆ ಸೇತುವೆಯ ಮೇಲೆ ಹೋಗಿರಲಿಲ್ಲ. ಆಚೆ ದಡದಲ್ಲಿ ಏನಾದರೂ ಕೆಲಸವಿದ್ದರೆ ದೋಣಿಯಲ್ಲಿ ದಾಟುತ್ತಿದ್ದರು.

ಗಾಡಿ ಸೇತುವೆಗೆ ಏರಿದಾಗ ಸದ್ದು ಬದಲಾಯಿತು. ಮಾಮ ಕಿಟಕಿಯ ಸರಳು ಹಿಡಿದುಕೊಂಡು ನೀರನ್ನೇ ನೋಡುತ್ತಿದ್ದರು. ಕಣ್ಣು ಮುಚ್ಚಲಿಲ್ಲ.

"ಇವತ್ತು ಏನಾದ್ರೂ ಕೇಳಿಸ್ತದಾ ಮಾಮ?" ಎಂದೆ.

"ಇಲ್ಲ. ಹೆದರಿಕೆ ಆಗ್ತಾ ಉಂಟು, ಅಷ್ಟೇ," ಎಂದರು.

ಉಳ್ಳಾಲದಲ್ಲಿ ಇಳಿದು ಕಿಟಕಿಯ ಹತ್ತಿರ ಬಂದು, ಮುಟ್ಟಿದ ಕೂಡಲೇ ಕಾಗದ ಹಾಕು ಎಂದರು. ಹಿಂದಿರುಗುವ ಗಾಡಿ ಸಂಜೆಗೆ. ಹೊಳೆ ದಾಟಿಸುವ ಕಡವಿನಲ್ಲಿ ದೋಣಿಗಳು ಬೇಕಾದಷ್ಟಿದ್ದವು. ನಮ್ಮ ರೈಲು ಹೊರಟಾಗ ಮಾಮ ಹೊಳೆಯ ದಾರಿ ಹಿಡಿಯದೆ, ಸ್ಟೇಶನ್ನಿನ ಬೆಂಚಿನ ಮೇಲೆ ಹೋಗಿ ಕುಳಿತು, ಸಂಜೆಯ ಗಾಡಿಗೆ ಕಾಯತೊಡಗಿದ್ದು ನನಗೆ ಕಾಣಿಸಿತು.