ಪ್ಯಾನೆಲ್‌ಗೆ ಹಚ್ಚಿದ ವಿಭೂತಿ

ಭದ್ರಾವತಿಯ ಕಾಗದನಗರದಲ್ಲಿ ಬಿರುಬಿಸಿಲಿನ ಹೊತ್ತಿಗೆ ಕರೆಂಟ್ ಹೋಗಿ ಇಡೀ ಬೀದಿ ತೆಪ್ಪಗಾಗಿತ್ತು. ಗಿರಿಜಮ್ಮನವರ ಕಬ್ಬಿನ ಹಾಲಿನ ಮೆಷಿನ್ ಮಾತ್ರ ತಿರುಗುತ್ತಲೇ ಇತ್ತು. ಅಂಗಡಿಯ ತಗಡಿನ ಮೇಲೆ ಸೋಲಾರ್ ಪ್ಯಾನೆಲ್, ಕೆಳಗೆ ಹಳೇ ಎಲೆಕ್ಟ್ರಿಕ್ ಆಟೋದಿಂದ ಬಿಚ್ಚಿದ ಬ್ಯಾಟರಿ. ಬ್ಯಾಟರಿ ಡಬ್ಬದ ಮೇಲೆ ಮೂರೆಳೆ ವಿಭೂತಿ!

"ಆಯುಧಪೂಜೆಗೆ ಪ್ಯಾನೆಲ್ ತುಂಬಾ ಹಚ್ಚಿಬಿಟ್ಟಿದ್ದೆ ಮಾರಾಯ್ರೇ," ಎಂದು ನಾನು ಅದನ್ನೇ ನೋಡುತ್ತಿದ್ದುದನ್ನು ಕಂಡು ಗಿರಿಜಮ್ಮ ನಕ್ಕರು. "ಎರಡೇ ದಿನಕ್ಕೆ ಮೆಷಿನ್ ನಿಂತೋಯ್ತು. ಮೆಕ್ಯಾನಿಕ್ ರಫೀಕ್ ಬಂದು, 'ಅಕ್ಕಾ, ಬಿಸಿಲು ಒಳಗೆ ಹೋಗೋದಾದ್ರೂ ಎಲ್ಲಿಂದ?' ಅಂತ ಬೈದು, ತಾನೇ ಹತ್ತಿ ತೊಳೆದ. ಅವತ್ತಿಂದ ವಿಭೂತಿ ಡಬ್ಬಕ್ಕೆ ಮಾತ್ರ."

ಈಗ ಬೆಳಿಗ್ಗೆ ಎದ್ದವರೇ ಮೊದಲು ಪ್ಯಾನೆಲ್ ಒರೆಸುತ್ತಾರಂತೆ.

"ದೇವರ ಪೂಜೆ?" ಎಂದೆ.

"ಆಮೇಲೆ. ಶಿವ ಸ್ವಲ್ಪ ಹೊತ್ತು ತಡೀತಾನೆ, ಬಿಸಿಲು ತಡಿಯಲ್ಲ," ಎಂದು ಗ್ಲಾಸು ಮುಂದಿಟ್ಟರು.