ಮೂವರು ಅಕ್ಕತಂಗಿಯರ ಒಂದು ಮನೆ

ಆ ವರ್ಷಗಳಲ್ಲಿ ನಾನು ಬಾಗಲಕೋಟೆಯ ನವನಗರದ ಒಂದು ಡಿ.ಟಿ.ಪಿ. ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಮದುವೆ ಕಾರ್ಡು, ಕರಪತ್ರ, ಶ್ರದ್ಧಾಂಜಲಿಯ ಪತ್ರಿಕೆ, ದಿನವಿಡೀ ಇದೇ. ಓದಿದ್ದು ಚಿತ್ರಕಲೆ, ಕೈಗೆ ಒಗ್ಗಿದ್ದು ಅದ್ದಿ ಬರೆಯುವ ಟಾಕು ಮತ್ತು ಕರಿ ಮಸಿ. ಬೆಳಿಗ್ಗೆ ಅಡಿಗೆ ಮುಗಿಸಿ, ಬಾದಾಮಿಯ ಹೊಂಡ, ಪಟ್ಟದಕಲ್ಲಿನ ಗುಡಿಗಳನ್ನು ಮಸಿಯಲ್ಲಿ ಬರೆಯುತ್ತಿದ್ದೆ. ಮಧ್ಯಾಹ್ನ ಮಾಲೀಕರು ಊಟಕ್ಕೆ ಹೋದಾಗ ಅದನ್ನು ಅಂಗಡಿಯ ಸ್ಕ್ಯಾನರಿಗೆ ಹಾಕಿ, ದಪ್ಪ ಹಾಳೆಯ ಮೇಲೆ ಪ್ರಿಂಟ್ ತೆಗೆಯುತ್ತಿದ್ದೆ. ಪಟ್ಟದಕಲ್ಲಿನ ಅಂಗಡಿಯೊಂದರಲ್ಲಿ ಅವು ನೇತಾಡುತ್ತಿದ್ದವು, ಯಾರಾದರೂ ಕೊಂಡರೆ ಕೊಂಡರು.

ಬೇಸಿಗೆಯಲ್ಲಿ ಪ್ರಿಂಟರಿನ ಇಂಕು ಒಣಗಿ, ಚಿತ್ರದ ನಡುವೆ ಬಿಳಿ ಗೆರೆಗಳು ಬೀಳುತ್ತಿದ್ದವು. ಒರೆಸಿ ಮತ್ತೆ ತೆಗೆಯುವಷ್ಟರಲ್ಲಿ ಕರೆಂಟು ಹೋಗುತ್ತಿತ್ತು. ಏನು ಮಾಡಿದರೂ ಟಾಕಿನ ಗೆರೆಗಿದ್ದ ಕಪ್ಪು ಯಂತ್ರದಿಂದ ಬರಲಿಲ್ಲ. ಎಲ್ಲೋ ಒಂದು ಹಸಿರು ಛಾಯೆ ಸೇರಿಕೊಳ್ಳುತ್ತಿತ್ತು. ಅಷ್ಟರೊಳಗೇ ನನ್ನ ಬಲಗೈ ಹೆಬ್ಬೆರಳಿನ ಬುಡದಲ್ಲಿ ನೋವು ಶುರುವಾಗಿತ್ತು. ಟಾಕು ಹಿಡಿದರೂ ನೋವು, ಮೌಸ್ ಹಿಡಿದರೂ ನೋವು.

ಹಳೆ ಬಾಗಲಕೋಟೆ ಖಾಲಿಯಾಗುತ್ತಿದ್ದ ಕಾಲ ಅದು. ಅಣೆಕಟ್ಟಿನ ಹಿನ್ನೀರು ಬರುವ ಓಣಿಗಳಲ್ಲಿ ಜನ ತಮ್ಮ ಮನೆಯ ಬಾಗಿಲು, ತೊಲೆ ಬಿಚ್ಚಿಕೊಂಡು ಹೋಗುತ್ತಿದ್ದರು. ಒಂದು ದಿನ ಹುನಗುಂದದಿಂದ ನಿವೃತ್ತ ಶಿಕ್ಷಕಿಯೊಬ್ಬರು ಅಂಗಡಿಗೆ ಬಂದರು. ಪಟ್ಟದಕಲ್ಲಿನಲ್ಲಿ ನನ್ನ ಚಿತ್ರ ನೋಡಿ, ವಿಳಾಸ ಕೇಳಿಕೊಂಡು ಬಂದಿದ್ದರು.

“ತಂಗಿ, ಹಳೇ ಊರಾಗ ನಮ್ಮ ತವರಮನಿ ಐತಿ. ಬಿಚ್ಚೂದರೊಳಗ ಬಂದು ಚಿತ್ರಾ ಬರದು ಕೊಡ್ತಿಯೇನು?”

“ಫೋಟೋ ತೆಗಸ್ರಿ ಅಕ್ಕೋರ, ಲಗೂನ ಆಗತೈತಿ” ಎಂದೆ. ನನಗೆ ಹೊಸ ಕೆಲಸ ಬೇಡವಾಗಿತ್ತು.

“ಫೋಟೋದಾಗ ಬಿದ್ದ ಗ್ವಾಡಿನೂ ಬರತೈತಿ. ನನಗ ಮೊದಲಿದ್ದಂಗ ಬೇಕು.”

ರವಿವಾರ ಬರುತ್ತೇನೆಂದು ಒಪ್ಪಿಕೊಂಡೆ.

ಅದು ನೇಕಾರರ ಮನೆ. ತಂದೆ ತೀರಿಕೊಂಡ ಮೇಲೆ ಬಾಡಿಗೆಗೆ ಕೊಟ್ಟಿದ್ದರು. ಗಂಡುಮಕ್ಕಳಿಲ್ಲ, ಮೂವರು ಹೆಣ್ಣುಮಕ್ಕಳು. ನಾನು ಅಕ್ಕೋರು ಎನ್ನುತ್ತಿದ್ದ ಹುನಗುಂದದ ಶಿಕ್ಷಕಿಯೇ ದೊಡ್ಡವರು. ನಡುವಿನವರನ್ನು ಇಳಕಲ್ಲಿನ ನೇಕಾರರ ಮನೆಗೆ ಕೊಟ್ಟಿದ್ದರು. ಸಣ್ಣವರು ಬಾದಾಮಿಯಲ್ಲಿ ನರ್ಸು. ರವಿವಾರಗಳಂದು ನಾನು ಎದುರಿನ ಮನೆಯ ಮುರಿದ ಮೆಟ್ಟಿಲ ಮೇಲೆ ಕೂತು, ಮಸಿಯ ದೌತಿಯನ್ನು ಕಲ್ಲಿನ ಸಂದಿಯಲ್ಲಿ ಸಿಗಿಸಿ, ಕಟ್ಟೆ, ಬಾಗಿಲು, ಮೇಲಿನ ಬೆಳಕಿಂಡಿ ಎಲ್ಲ ಬರೆದೆ. ಅಕ್ಕೋರು ನನ್ನ ತಲೆಯ ಮೇಲೆ ಕೊಡೆ ಹಿಡಿದು ನಿಂತು, ಮಕ್ಕಳ ಪಾಟಿ ತಿದ್ದುವಂತೆ ತಿದ್ದುತ್ತಿದ್ದರು. ಮೂವರಿಗೂ ಒಂದೊಂದು ಬೇಕೆಂದು ಚಿತ್ರವನ್ನು ಸ್ಕ್ಯಾನ್ ಮಾಡಿ ಪ್ರಿಂಟ್ ತೆಗೆದು, ಒಬ್ಬೊಬ್ಬರಿಗೆ ತಲುಪಿಸಿದೆ. ಅಲ್ಲಿಗೆ ಮುಗಿಯಿತೆಂದುಕೊಂಡೆ.

ಮೊದಲು ಬಂದವರು ಇಳಕಲ್ಲಿನವರು. ಚಿತ್ರದಲ್ಲಿ ಬಾಗಿಲು ತೆರೆದಿದ್ದರೂ ಒಳಗೆ ಅಪ್ಪನ ಮಗ್ಗ ಕಾಣುತ್ತಿಲ್ಲ ಎಂದರು. ಮಗ್ಗ ಮಾರಿ ಎಷ್ಟೋ ಕಾಲವಾಗಿತ್ತು. ನೆಲದ ಕುಣಿಯಲ್ಲಿ ಕಾಲಿಟ್ಟು ನೇಯುವ ಆ ಮಗ್ಗವನ್ನು ಬೇರೆ ಹಾಳೆಯಲ್ಲಿ ಟಾಕಿನಿಂದ ಬರೆದು, ಕಂಪ್ಯೂಟರಿನಲ್ಲಿ ಬಾಗಿಲೊಳಗೆ ಕೂರಿಸಿ, ಅವರಿಗಷ್ಟೇ ಹೊಸ ಪ್ರಿಂಟ್ ಕೊಟ್ಟೆ.

ಆಮೇಲೆ ಬಾದಾಮಿಯವರು ಬಂದರು. “ಕಟ್ಟಿ ಮ್ಯಾಲ ನಮ್ಮವ್ವ ಇಲ್ಲಲ್ರೀ” ಎಂದರು. ತಾಯಿ ತೀರಿದಾಗ ಅವರು ಇನ್ನೂ ಸಾಲಿಗೆ ಹೋಗದ ಮಗು. ತಾಯಿಯೆಂದರೆ ನೆನಪಿನಲ್ಲಿರುವುದು ಅದೊಂದೇ, ಕಟ್ಟೆಯ ಮೇಲೆ ಕೂತ ಅವ್ವ. ಹೇಗೆ ಕೂರುತ್ತಿದ್ದರು ಎಂದು ಕೇಳಿದೆ. ಅವರು ಅಂಗಡಿಯ ಸ್ಟೂಲಿನ ಮೇಲೆ ಕೂತು ತೋರಿಸಿದರು. ಒಂದು ಕಾಲು ಮಡಚಿ, ಬೆನ್ನು ಗೋಡೆಗೆ ಆನಿಸಿ, ಬಲಗೈಯನ್ನು ಪಕ್ಕೆಲುಬಿನ ಕೆಳಗೆ ಒತ್ತಿ ಹಿಡಿದು. ಆ ಹೆಣ್ಣುಮಗಳನ್ನೇ ನೋಡಿಕೊಂಡು ಅವರ ತಾಯಿಯನ್ನು ಬೇರೆ ಹಾಳೆಯಲ್ಲಿ ಬರೆದು, ಕಂಪ್ಯೂಟರಿನಲ್ಲಿ ಕಟ್ಟೆಯ ಮೇಲೆ ಕೂರಿಸಿ ಪ್ರಿಂಟ್ ಕೊಟ್ಟೆ. ಅಂಗಡಿಯಲ್ಲಿ ಮದುವೆ ಕಾರ್ಡುಗಳ ಸುಗ್ಗಿ. ಮಾಲೀಕರ ಮುಖ ಗಂಟಿಕ್ಕಿತ್ತು. ನನ್ನ ಕಣ್ಣುಗಳು ಉರಿಯುತ್ತಿದ್ದವು.

ಸುದ್ದಿ ಹುನಗುಂದಕ್ಕೆ ಮುಟ್ಟಿತು. ಅಕ್ಕೋರು ಅಂಗಡಿಗೆ ಫೋನ್ ಮಾಡಿದರು.

“ಒಂದ ಮನಿ, ಮೂರು ನಮೂನಿ ಚಿತ್ರಾ ಆದ್ರ ನಾಳೆ ಯಾರು ಯಾವದನ್ನ ನಂಬಬೇಕು? ಇಳಕಲ್ಲಿಗೆ ಬಾ. ಮೂರೂ ಮಂದಿ ಕುಂತು ನಿಕಾಲಿ ಮಾಡ್ತೀವಿ. ಖರೆ ಇದ್ದದ್ದು ಒಂದನ್ನ ತಗದು ಕೊಡು.”

ಹೋಗುವ ಮನಸ್ಸಿರಲಿಲ್ಲ. ಆದರೂ ರಜೆ ಹಾಕಿ ಬಸ್ಸು ಹತ್ತಿದೆ. ಇಳಕಲ್ಲಿನ ಆ ಮನೆಯಲ್ಲಿ ಒಳಗೆ ಪವರ್‌ಲೂಮು ಓಡುತ್ತಿತ್ತು. ಮಾತಾಡಬೇಕೆಂದು ನಡುವಿನವರು ಅದನ್ನು ನಿಲ್ಲಿಸಿದರು. ಚಾಪೆಯ ಮೇಲೆ ಮೂರು ಪ್ರಿಂಟುಗಳನ್ನು ಸಾಲಾಗಿ ಹಾಸಿದೆವು. ಮಗ್ಗದ ವಿಷಯದಲ್ಲಿ ಅಕ್ಕೋರು ತಕರಾರು ತೆಗೆಯಲಿಲ್ಲ. ಬಾದಾಮಿಯವರ ಚಿತ್ರಕ್ಕೆ ಬಂದಾಗ ತಲೆಯಲ್ಲಾಡಿಸಿದರು.

“ಇದು ಸುಳ್ಳು. ಅವ್ವ ಎಂದೂ ಕಟ್ಟಿ ಮ್ಯಾಲ ಕುಂತಾಕಿ ಅಲ್ಲ. ಕುಂದರಾಕ ಆಕಿಗೆ ಪುರಸತ್ತರ ಎಲ್ಲಿತ್ತು? ನೂಲು ಸುತ್ತೂ ರಾಟಿ ಮುಂದಿಂದ ಎದ್ದರ ಒಲಿ, ಒಲಿ ಮುಂದಿಂದ ಎದ್ದರ ರಾಟಿ.”

“ನಾ ನೋಡೀನಿ ಅಕ್ಕಾ” ಎಂದರು ಸಣ್ಣವರು. “ನನಗ ನೆನಪಿರೂದ ಅಷ್ಟು.”

“ಸಣ್ಣಾಕಿ ಇದ್ದಿ, ಮತ್ಯಾರನ್ನೋ ನೋಡಿರ್ತಿ.” ಅಕ್ಕೋರು ಚಿತ್ರವನ್ನು ಎತ್ತಿ ಕಣ್ಣ ಹತ್ತಿರ ಹಿಡಿದರು. “ಈ ಕೈ ಯಾಕ ಇಲ್ಲಿ ಒತ್ತಿ ಹಿಡದೈತಿ?”

ಸಣ್ಣವರಿಗೆ ಗೊತ್ತಿರಲಿಲ್ಲ. “ಹಂಗ ಕುಂದರತಿದ್ಲು” ಎಂದಷ್ಟೇ ಹೇಳಿದರು.

ನಡುವಿನವರು ಸೆರಗಿನಿಂದ ಬಾಯಿ ಒರೆಸಿಕೊಂಡರು. “ಅಲ್ಲೇ ನೋಯತಿತ್ತು ಆಕಿಗೆ. ಕಡೀ ದಿನದಾಗ ರಾಟಿ ತಿರಗಸಾಕ ಆಗತಿದ್ದಿಲ್ಲ. ನಾ ಸಾಲಿ ಬಿಟ್ಟು ರಾಟಿಗೆ ಕುಂತೆ. ಮುಂಜಾನಿ ಕೈ ಹಿಡದು ತಂದು ಕಟ್ಟಿಗೆ ಕುಂದರಸತಿದ್ದೆ. ಬಿಸಲು ಬಂದ ಮ್ಯಾಲ ಒಳಗ ಕರಕೊಂಡು ಹೋಗತಿದ್ದೆ.”

“ಜ್ವರಾ ಬಂದು ಎರಡ ದಿನದಾಗ ಹೋದ್ಲು ಅಂತ ನನಗ ಹೇಳಿದ್ರಿ” ಎಂದರು ಅಕ್ಕೋರು.

“ನೀ ಗಂಡನ ಮನ್ಯಾಗ ಹಸಿ ಬಾಣಂತಿ. ಹೇಳಬ್ಯಾಡ, ಆಕಿ ಹಾಲು ಒಣಗ್ತಾವು ಅಂತ ಅವ್ವನ ಅಂದಿದ್ಲು. ಆಮ್ಯಾಲ ಹೆಂಗ ಹೇಳೂದು ತಿಳೀಲಿಲ್ಲ.”

ಅಕ್ಕೋರು ಅಳಲಿಲ್ಲ. ಚಿತ್ರವನ್ನು ಮಡಿಲಲ್ಲಿಟ್ಟುಕೊಂಡರು. ಆಮೇಲೆ ಒಂದೊಂದಾಗಿ ಕೇಳತೊಡಗಿದರು. ಉಣ್ಣುತ್ತಿದ್ದಳೇ? ಏನು ಉಣ್ಣುತ್ತಿದ್ದಳು? ಯಾವ ದವಾಖಾನೆಗೆ ತೋರಿಸಿದಿರಿ? ನನ್ನನ್ನು ಕೇಳುತ್ತಿದ್ದಳೇ? ನಡುವಿನವರು ನೆನಪಾದಷ್ಟು ಹೇಳಿದರು. ಸಣ್ಣವರು ಇಬ್ಬರ ಮುಖವನ್ನೂ ನೋಡುತ್ತ, ತಮಗೆ ಗೊತ್ತಿಲ್ಲದ ತಾಯಿಯ ಕಥೆ ಕೇಳಿದರು. ನಾನು ಅಲ್ಲಿರಬಾರದಿತ್ತು ಅನ್ನಿಸಿತು. ಎದ್ದು ಹೋಗುವುದೂ ಸರಿಯಾಗಿ ಕಾಣಲಿಲ್ಲ. ಯಾವ ಚಿತ್ರ ಖರೆ ಎಂದು ಯಾರೂ ಮತ್ತೆ ಕೇಳಲಿಲ್ಲ. ಹೊರಡುವಾಗ ಅಕ್ಕೋರು ಸಣ್ಣ ತಂಗಿಯ ಚಿತ್ರವನ್ನು ಸುತ್ತಿ ಕೈಚೀಲಕ್ಕೆ ಹಾಕಿಕೊಂಡರು.

“ಒಂದೀಟು ದಿನ ನನ್ನ ಹತ್ರ ಇರಲಿ” ಎಂದರು.

ಅದು ಬಾದಾಮಿಗೆ ತಿರುಗಿ ಹೋಗಲಿಲ್ಲ. ಮುಂದಿನ ಬೇಸಿಗೆಯಲ್ಲಿ ಸಣ್ಣವರು ನನ್ನಲ್ಲಿಗೆ ಬಂದು, ಅಕ್ಕನಿಗೆ ಕೇಳಲಾರೆ, ಇನ್ನೊಂದು ಪ್ರಿಂಟ್ ತೆಗೆದುಕೊಡಿ ಎಂದರು. ಅಷ್ಟರಲ್ಲಿ ಅಂಗಡಿಯ ಕಂಪ್ಯೂಟರಿನ ಹಾರ್ಡ್‌ಡಿಸ್ಕ್ ಕೆಟ್ಟು, ಕಾರ್ಡುಗಳ ಜೊತೆ ನನ್ನ ಚಿತ್ರಗಳೂ ಹೋಗಿದ್ದವು. ಹಳೆ ಓಣಿಯಲ್ಲಿ ಆ ಮನೆ ಇದ್ದ ಜಾಗಕ್ಕೆ ಹಿನ್ನೀರು ಬಂದಿತ್ತು. ಬಿಡಿ ಹಾಳೆಗಳನ್ನು ಇಟ್ಟುಕೊಂಡಿರಲಿಲ್ಲ, ಮಸಿಯಲ್ಲಿ ಬರೆದ ಮೂಲ ಚಿತ್ರ ಮಾತ್ರ ನನ್ನ ಮನೆಯ ಟ್ರಂಕಿನಲ್ಲಿತ್ತು, ಖಾಲಿ ಕಟ್ಟೆಯದು. ಅದನ್ನು ತಂದು ಮೇಜಿನ ಮೇಲೆ ಹಾಸಿ, ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡು, ಆ ತಾಯಿಯನ್ನು ಕಟ್ಟೆಯ ಮೇಲೆ ನೇರವಾಗಿ ಟಾಕಿನಿಂದ ಬರೆದೆ. ತಪ್ಪಿದರೆ ತಿದ್ದಲು ಬರುವಂತಿರಲಿಲ್ಲ. ಈ ಸಲ ಆ ಕೈ ಯಾಕೆ ಅಲ್ಲಿದೆ ಎಂದು ನನಗೆ ಗೊತ್ತಿತ್ತು; ಅದಕ್ಕೇ ಬೆರಳುಗಳ ಹತ್ತಿರ ಟಾಕು ನಿಧಾನವಾಯಿತು.

“ಪ್ರಿಂಟ್ ಬ್ಯಾಡ್ರಿ” ಎಂದೆ. “ಇದನ್ನ ಒಯ್ರಿ.”

ಅವರು ಹೋದ ಮೇಲೆ ದೌತಿ ಮುಚ್ಚಿಟ್ಟು, ಬೆರಳಿಗೆ ಎಣ್ಣೆ ತಿಕ್ಕಿಕೊಂಡೆ. ಅರ್ಧಕ್ಕೆ ನಿಂತಿದ್ದ ಯಾರದೋ ಗೃಹಪ್ರವೇಶದ ಕಾರ್ಡು ಮುಗಿಸಬೇಕಿತ್ತು. ಮಾಲೀಕರು ಬರುವಷ್ಟರಲ್ಲಿ ಅದನ್ನು ಪ್ರಿಂಟಿಗೆ ಕೊಟ್ಟೆ.